ಗುರ್ಜಿ ಹೊತ್ತ ವರ್ಷ

ಕಳೆದ ಚಳಿಗಾಲದಲ್ಲಿ ಎರ್ಲಾಂಗೆನ್‌ನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಹೀಟಿಂಗ್ ಎಣ್ಣೆಯ ಟ್ಯಾಂಕು ಸೋರಿತು. ಸೈಕಲ್ ಇಡಲು ಕೆಳಗಿಳಿಯುತ್ತಿದ್ದವಳು ಮೆಟ್ಟಿಲ ಮೇಲೆಯೇ ನಿಂತೆ. ಒದ್ದೆ ಗಾರೆಯ ವಾಸನೆ, ಎಣ್ಣೆಯ ವಾಸನೆ, ಅವೆರಡರ ಅಡಿಯಲ್ಲಿ ತುಸು ಕೆಸರಿನದು. ರಿಪೇರಿಗೆ ಬಂದವನು ಬಾಗಿಲು ಕಿಟಕಿ ತೆರೆದಿಟ್ಟು, ಸಂಜೆಯೊಳಗೆ ವಾಸನೆ ಹೋಗುತ್ತದೆ ಎಂದು ಭರವಸೆ ಕೊಟ್ಟ. ನಾನು ತಲೆಯಾಡಿಸಿದೆ, ನಂಬಲಿಲ್ಲ. ಆ ವಾಸನೆಯ ಜೊತೆ ನಾನು ಡ್ರೆಸ್ಡೆನ್‌ನಲ್ಲಿ ಒಂದು ವರ್ಷ ಬದುಕಿದ್ದೇನೆ. 2002ರ ಆಗಸ್ಟ್‌ನಿಂದ ಮುಂದಿನ ಆಗಸ್ಟ್‌ವರೆಗೆ.

ಅದು ಗ್ರೀನ್ ಕಾರ್ಡಿನ ಕಾಲ. ಅಮೆರಿಕದ್ದಲ್ಲ, ಕಂಪ್ಯೂಟರ್ ಬಲ್ಲ ಎಂಜಿನಿಯರುಗಳಿಗಾಗಿ ಜರ್ಮನಿ ಆಗ ಹೊರಡಿಸಿದ್ದ ಐದು ವರ್ಷಗಳ ಪರವಾನಗಿಗೆ ಎಲ್ಲರೂ ಇಟ್ಟಿದ್ದ ಹೆಸರು. ನನ್ನ ಗಂಡ ಶಿವಾನಂದ ಅದರ ಮೇಲೆ ಡ್ರೆಸ್ಡೆನ್‌ನ ಚಿಪ್ ಕಾರ್ಖಾನೆಯೊಂದಕ್ಕೆ ಬಂದ. ಮರುವರ್ಷ ನಾನು, ಮಗಳು ಪಲ್ಲವಿ ಬಂದೆವು. ಅದಕ್ಕೆ ಮುಂಚೆ ನಾನು ಹುಬ್ಬಳ್ಳಿಯ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕಿ. ಇಲ್ಲಿ ಎಂಜಿನಿಯರುಗಳ ಹೆಂಡಂದಿರಿಗೆ ಕೆಲಸ ಮಾಡಲು ಬೇರೆ ಅನುಮತಿ ಬೇಕಿತ್ತು. ಅದಕ್ಕಾಗಿ ಆಸ್‌ಲೆಂಡರ್‌ಬೆಹೋರ್ಡೆ ಎಂಬ ವಿದೇಶಿಯರ ಕಚೇರಿಯ ಕಾರಿಡಾರಿನಲ್ಲಿ ಕಾಯುವುದೇ ನನ್ನ ಕೆಲಸವಾಗಿತ್ತು. ಬರೆಯಲು ಪತ್ರಿಕೆ ಇಲ್ಲದಿದ್ದರೂ ಡೆಸ್ಕಿನ ಅಭ್ಯಾಸ ಹೋಗಿರಲಿಲ್ಲ: ಕಂಡದ್ದು ಯಾವುದು, ಕೇಳಿದ್ದು ಯಾವುದು, ಅಂದುಕೊಂಡದ್ದು ಯಾವುದು ಎಂದು ಬೇರ್ಪಡಿಸಿಯೇ ಮಾತು ಮುಂದುವರಿಸುವುದು.

ಎಲ್ಬೆ ನದಿಯಿಂದ ಕೂಗಳತೆಯ ದೂರದಲ್ಲಿ ನಮ್ಮ ಮನೆ, ಮೂರನೆಯ ಮಹಡಿ. ಕೆಳಗೆ, ನೆಲಮಟ್ಟದ ಮನೆಯಲ್ಲಿ ಫ್ರಾವ್ ಲೇಮಾನ್, ಎಂದರೆ ಶ್ರೀಮತಿ ಲೇಮಾನ್. ಗಂಡನಿಲ್ಲದ, ಎಪ್ಪತ್ತು ದಾಟಿದ, ಮೊಣಕಾಲು ನೋವಿನ ಹೆಂಗಸು. ಕೈಯಲ್ಲಿ ಸದಾ ಒಂದು ಕೋಲು. ನದಿದಂಡೆಯ ಹುಲ್ಲುಗಾವಲಿನಲ್ಲಿ ಸಾಲಾಗಿ ಬೇಲಿ ಹಾಕಿದ ಪುಟ್ಟ ತೋಟಗಳಿದ್ದವು. ಅಪಾರ್ಟ್‌ಮೆಂಟುಗಳಲ್ಲಿರುವವರು ಸಂಘದಿಂದ ಬಾಡಿಗೆಗೆ ಪಡೆದು ತರಕಾರಿ, ಹೂವು ಬೆಳೆಯುವ ತೋಟಗಳು. ಅದರಲ್ಲೊಂದು ಅವರದು. ಬೀನ್ಸು, ಕರ್ರಂಟು, ಡೇಲಿಯಾ, ಒಂದು ಹಸಿರು ಬಣ್ಣದ ಮರದ ಗುಡಿಸಲು. ಪಲ್ಲವಿಗೆ ಆಗ ಒಂಬತ್ತು. ಶಾಲೆ ಬಿಟ್ಟೊಡನೆ ಅವರ ಹಿಂದೆ ತೋಟಕ್ಕೆ ಓಡುತ್ತಿದ್ದಳು. ಅವರನ್ನು ಜರ್ಮನ್ ಮಕ್ಕಳು ಅಜ್ಜಿಯನ್ನು ಕರೆಯುವಂತೆ ‘ಓಮಾ ಲೇಮಾನ್’ ಎನ್ನುತ್ತಿದ್ದಳು. ಗಿಡಗಳ ಹೆಸರು ಅವಳಿಗೆ ಮೊದಲು ಜರ್ಮನ್‌ನಲ್ಲೇ ಬಂದವು.

ಬೇಸಿಗೆಯಲ್ಲಿ ಬಡಾವಣೆಯ ಹಬ್ಬ ನಡೆಯುತ್ತಿತ್ತು. ನಿಮ್ಮ ದೇಶದ್ದು ಏನಾದರೂ ಮಾಡಿ ಎಂದು ಸಮಿತಿಯವರು ಕೇಳಿದರು. ಅಲ್ಲಿದ್ದ ನಾಲ್ಕಾರು ಕನ್ನಡಿಗರ ಮನೆಯವರೆಲ್ಲ ಸಿನಿಮಾ ಹಾಡಿನ ಕುಣಿತ ಎಂದುಕೊಂಡಿದ್ದಾಗ ರಫೀಕ್ ಬೇರೆ ಮಾತೆತ್ತಿದ. ರಫೀಕ್ ಮುದ್ದೇಬಿಹಾಳದವನು, ಶಿವಾನಂದನ ಜೊತೆ ಅದೇ ಕಾರ್ಖಾನೆಯಲ್ಲಿದ್ದ, ಎದುರು ಬೀದಿಯಲ್ಲಿ ಮನೆ. ಹಲಗೆ ಬಾರಿಸುವುದರಲ್ಲಿ ಅವನ ಕೈ ಎಂಥದ್ದೆಂದರೆ, ಊಟದ ಮೇಜು ಸಿಕ್ಕರೂ ಸಾಕು.

“ಗುರ್ಜಿ ಮಾಡೂಣು ವೈನಿ” ಎಂದ. “ಆ ಹಾಡು ಡ್ಯಾನ್ಸು ಟಿವಿಯೊಳಗ ಅವರೂ ನೋಡ್ಯಾರ. ಗುರ್ಜಿ ಎಲ್ಲಿ ನೋಡ್ಯಾರ?”

“ಗುರ್ಜಿ ಆಟ ಅಲ್ಲಲೇ, ಮಳಿ ಕರಿಯೂದು” ಎಂದ ಶಿವಾನಂದ.

“ಅದಕ್ಕ ಹೇಳಾಕತ್ತೀನಿ. ನಮ್ಮ ಓಣ್ಯಾಗ ಗುರ್ಜಿ ಬಂತಂದ್ರ ಮೊದಲ ಕೊಡಾ ಎತ್ತಾಕಿ ನಮ್ಮಮ್ಮನ ಇದ್ಲು. ನಿಮ್ಮದು ನಮ್ಮದು ಅಂತ ಮಳಿಗೇನು ಗೊತ್ತಪಾ.”

ಉತ್ತರ ಕರ್ನಾಟಕದ ಓದುಗರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಮುಂಗಾರು ಕೈಕೊಟ್ಟಾಗ ರೊಟ್ಟಿ ಸುಡುವ ಹಂಚಿನ ಮೇಲೆ ಮಣ್ಣು ಸೆಗಣಿಯ ಮುದ್ದೆಯಿಟ್ಟು, ಅದಕ್ಕೆ ಗರಿಕೆ ಚುಚ್ಚುತ್ತಾರೆ. ಅದೇ ಗುರ್ಜಿ. ಒಬ್ಬರು ಅದನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ, ಹಿಂದೆ ಮಕ್ಕಳ ಹಿಂಡು ಹಾಡುತ್ತ ಹೋಗುತ್ತದೆ. ಮನೆಯವರು ಕೊಡ ತಂದು ಗುರ್ಜಿಯ ಮೇಲೆ ನೀರು ಸುರಿಯುತ್ತಾರೆ. ಹೊತ್ತವರು ಆ ನೀರಿನಡಿ ಗಿರಗಿರ ಸುತ್ತುತ್ತಾರೆ. ಎಷ್ಟು ನೀರು ಎಂದು ಯಾರೂ ಕೇಳುವುದಿಲ್ಲ. ಮಳೆ ಹೆಚ್ಚಾಗುವುದೆಂದರೆ ಏನೆಂದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿ ಮಳೆ ಕರೆಯುವ ಹಾಡುಗಳಿವೆ. ಸಾಕು, ಹೋಗು ಎನ್ನುವ ಹಾಡನ್ನು ನಾನು ಕೇಳಿಲ್ಲ.

ಹಂಚು ನಮ್ಮ ಅಡುಗೆಮನೆಯದೇ, ಗಂಡನ ಊರು ಬಾಗಲಕೋಟೆಯಿಂದ ಸೂಟ್‌ಕೇಸಿನಲ್ಲಿ ಬಂದದ್ದು. ಸೆಗಣಿ ಸಿಗಲಿಲ್ಲ. ಪಲ್ಲವಿ ಫ್ರಾವ್ ಲೇಮಾನ್ ತೋಟದಿಂದ ಒಂದು ಬಕೆಟ್ ಕಪ್ಪು ಮಣ್ಣು ತಂದಳು. ಗರಿಕೆಯ ಬದಲು ನದಿದಂಡೆಯ ಹುಲ್ಲು. ಹೊರುವವಳು ತಾನೇ ಎಂದು ಹಟ ಹಿಡಿದಳು. ಬಟ್ಟೆಯ ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಕಾರಿಡಾರಿನಲ್ಲಿ ವಾರಗಟ್ಟಲೆ ನಡೆದು ಕಲಿತಳು.

ಹಬ್ಬದ ದಿನ ಬಿಸಿಲಿತ್ತು. ರಫೀಕನ ಹಲಗೆಗೆ ಜನ ಬಿಯರ್ ಬಿಟ್ಟು ಹತ್ತಿರ ಬಂದರು. ಮೊದಲ ಕೊಡ ಸುರಿಯಲು ಫ್ರಾವ್ ಲೇಮಾನ್ ಅವರನ್ನೇ ಕರೆದೆವು. ಪಲ್ಲವಿ ಸುತ್ತಿದಳು, ಮಣ್ಣುನೀರು ಮುಂದಿನ ಸಾಲಿನವರ ಬಿಳಿಯಂಗಿಗಳ ಮೇಲೆ ಹಾರಿತು, ನಗು ಎದ್ದಿತು. ಕೊನೆಗೆ ರಫೀಕ್ ಮೈಕ್ ಹಿಡಿದು ತನ್ನ ಹರಕು ಜರ್ಮನ್‌ನಲ್ಲಿ, ಮನೆಗೆ ಹೋಗುವಾಗ ಕೊಡೆ ಬಿಚ್ಚಿಕೊಂಡೇ ಹೋಗಿ ಎಂದ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಮುಂದಿನ ವಾರ ಮಳೆ ಶುರುವಾಯಿತು.

ಮೊದಲ ದಿನ ನಾವು ಮಾಡಿದ್ದನ್ನು ಇದ್ದದ್ದು ಇದ್ದಂತೆ ಹೇಳಬೇಕು. ಮಿರ್ಚಿ ಭಜಿ ಮಾಡಿದೆವು. ಬಾಲ್ಕನಿಯ ಬಾಗಿಲು ತೆರೆದಿಟ್ಟು ಮಳೆಯ ಸದ್ದು ಕೇಳುತ್ತ ಕೂತೆವು. ಒಂದೊಂದೇ ಮನೆಯಿಂದ ಫೋನು ಬಂತು: “ಪಲ್ಲವಿ ಮಳಿ ತಂದ್ಲು ನೋಡ್ರಿ.” ರಫೀಕ್ ಒದ್ದೆಯಾಗಿ ಬಂದವನೇ ಅವಳ ಮುಂದೆ ನೆಲಕ್ಕೆ ಕೈಮುಟ್ಟಿ, “ಗುರ್ಜವ್ವಾ, ನಮಸ್ಕಾರ” ಎಂದ. ಶಿವಾನಂದ ಬಾಗಲಕೋಟೆಗೆ ಫೋನ್ ಮಾಡಿ ಅವಳ ಕೈಗೆ ಕೊಟ್ಟ. ಆ ವರ್ಷ ಊರಲ್ಲಿ ಮುಂಗಾರು ಹಿಡಿದಿರಲಿಲ್ಲ. ಸ್ಪೀಕರಿನಲ್ಲಿ ಅತ್ತೆಯ ದನಿ ಎಲ್ಲರಿಗೂ ಕೇಳಿಸಿತು.

“ಇಲ್ಲಿ ಒಂದ್ ಹನಿ ಇಲ್ಲ ನನ್ನ ಕೂಸ. ಅಲ್ಲೇ ಎಲ್ಲಾ ಕರಕೊಂಡ್ಯೇನ? ಇಲ್ಲಿಗೊಂದೀಟು ಕಳಸವ್ವಾ. ಗೇಣು ಹಸಿ ಆದ್ರ ಸಾಕು.”

ನೆಲ ಒಂದು ಗೇಣು ಆಳ ನೆನೆದರೆ ಬಿತ್ತಬಹುದು. ನಮ್ಮ ಕಡೆ ಮಳೆಯ ಅಳತೆ ಅದೇ. ಪಲ್ಲವಿ ಹೆಬ್ಬೆರಳು ಕಿರುಬೆರಳು ಅಗಲಿಸಿ ತನ್ನ ಗೇಣನ್ನು ನೋಡಿಕೊಂಡಳು. ಎಲ್ಲರೂ ನಕ್ಕರು. ಅವಳ ಮುಖ ಹೆಮ್ಮೆಯಿಂದ ಕೆಂಪಾಗಿತ್ತು.

ಎರಡು ದಿನಗಳಲ್ಲಿ ಬೆಟ್ಟದ ಕಡೆಯಿಂದ ಬರುವ ಚಿಕ್ಕ ಹೊಳೆ ಊರೊಳಗೆ ನುಗ್ಗಿತು. ನೂರು ವರ್ಷಕ್ಕೂ ಹಿಂದೆ ಊರಿನವರು ಅದನ್ನು ಬೇರೆ ಕಡೆಗೆ ತಿರುಗಿಸಿದ್ದರಂತೆ. ಈಗ ಅದು ತನ್ನ ಹಳೆಯ ಪಾತ್ರವನ್ನೇ ಹಿಡಿದು ಹೊರಟು ಮುಖ್ಯ ರೈಲು ನಿಲ್ದಾಣದೊಳಗೆ ಹರಿಯಿತು. ಹಳಿಗಳ ಮೇಲೆ ಕಂದು ನೀರು ಓಡುವುದನ್ನು ಟಿವಿಯಲ್ಲಿ ನೋಡಿದೆವು. ಅದರ ಹಿಂದೆಯೇ ಎಲ್ಬೆ ಏರತೊಡಗಿತು. ಅದು ನುಗ್ಗಲಿಲ್ಲ, ಏರಿತು. ಬೆಳಿಗ್ಗೆ ಹುಲ್ಲುಗಾವಲಿನ ಅಂಚಿನಲ್ಲಿದ್ದದ್ದು ಮಧ್ಯಾಹ್ನ ತೋಟಗಳ ಬೇಲಿಯಲ್ಲಿ, ಮರುದಿನ ನಮ್ಮ ಬೀದಿಯ ತುದಿಯಲ್ಲಿ.

ಶಿವಾನಂದ, ರಫೀಕ್ ಇಬ್ಬರೂ ಕಾರ್ಖಾನೆಗೆ ಹೋಗದೆ ಬೀದಿಯವರ ಜೊತೆ ನಿಂತು ಮರಳಿನ ಚೀಲ ದಾಟಿಸಿದರು. ಹೆಸರು ಗೊತ್ತಿಲ್ಲದವರು ಪಕ್ಕದಲ್ಲಿ ನಿಂತು ಬ್ರೆಡ್ ಹಂಚಿಕೊಂಡರು. ಅದೇನೂ ಸಾಲಲಿಲ್ಲ. ಮನೆ ಬಿಡಿ ಎಂದು ಧ್ವನಿವರ್ಧಕದಲ್ಲಿ ಕೂಗಿದಾಗ ಫ್ರಾವ್ ಲೇಮಾನ್‌ರನ್ನು ನಡುವೆ ಹಿಡಿದುಕೊಂಡು ಹೊರಟೆವು. ದಿಬ್ಬದ ಮೇಲಿನ ಶಾಲೆಯ ಆಟದ ಹಾಲ್‌ನಲ್ಲಿ ಹಾಸಿಗೆ ಹಾಕಿದ್ದರು. ಅಲ್ಲಿಗೆ ಹೋಗುವ ತಿರುವಿನಲ್ಲಿ ಎಲ್ಬೆ ಇಡಿಯಾಗಿ ಕಾಣುತ್ತಿತ್ತು. ಬೇಲಿ, ಕುರ್ಚಿ, ನೀರುಣಿಸುವ ಡಬ್ಬಿಗಳ ನಡುವೆ ಒಂದು ಹಸಿರು ಗುಡಿಸಲು ಮೆಲ್ಲಗೆ ತಿರುಗುತ್ತ ತೇಲಿ ಹೋಯಿತು. ಫ್ರಾವ್ ಲೇಮಾನ್ ಅದನ್ನು ನೋಡಿದರು. ಪಲ್ಲವಿ ನನ್ನ ಕೈ ಬಿಟ್ಟಳು.

ಆ ಹಾಲ್‌ನಲ್ಲಿ ಇದ್ದಷ್ಟು ದಿನ ಅವಳು ಯಾರ ಜೊತೆಗೂ ಮಾತಾಡಲಿಲ್ಲ. ಸುಸ್ತು ಎಂದುಕೊಂಡೆವು.

ನೀರಿಳಿದು ವಾಪಸು ಬಂದಾಗ ವಾಸನೆ ಇತ್ತು. ನೆಲಮಾಳಿಗೆಗಳ ಎಣ್ಣೆಯ ಟ್ಯಾಂಕುಗಳು ಒಡೆದು, ಎಣ್ಣೆ ನೀರಿನ ಮೇಲೆ ತೇಲಿ, ನೀರು ಮುಟ್ಟಿದ ಗೋಡೆಗೆಲ್ಲ ಹತ್ತಿತ್ತು. ನಮ್ಮ ಮನೆ ಮೇಲಿದ್ದದ್ದರಿಂದ ಉಳಿದಿತ್ತು. ಫ್ರಾವ್ ಲೇಮಾನ್ ಮನೆಯ ನೆಲ ಕಿತ್ತು, ಗಾರೆ ಕೆರೆದು, ಒಣಗಿಸುವ ಯಂತ್ರ ಇಟ್ಟರು. ಅವರು ತಂಗಿಯ ಮನೆಗೆ ಹೋದರು. ಯಂತ್ರದ ಗುಂಯ್ ಸದ್ದು ಚಳಿಗಾಲ ಪೂರ್ತಿ ನಮ್ಮ ಕಾಲಡಿಯಲ್ಲಿತ್ತು.

ಪಲ್ಲವಿಯಲ್ಲಿ ಆದ ಬದಲಾವಣೆ ಒಮ್ಮೆಲೇ ಕಾಣಿಸಲಿಲ್ಲ. ನಲ್ಲಿಯನ್ನು ಪೂರ್ತಿ ತಿರುಗಿಸುವುದನ್ನು ಬಿಟ್ಟಳು. ಮೋಡ ಕವಿದರೆ ಶಾಲೆಗೆ ಹೊಟ್ಟೆನೋವು. ಕಾರಿಡಾರಿನಲ್ಲಿ ಕುಣಿಯುತ್ತಿದ್ದವಳು ಗೋಡೆ ಹಿಡಿದು ನಡೆಯತೊಡಗಿದಳು. ಹಂಚನ್ನು ನಾನು ರೊಟ್ಟಿಗೆ ತೆಗೆದರೆ ಅಡುಗೆಮನೆಯಿಂದ ಎದ್ದು ಹೋಗುತ್ತಿದ್ದಳು. ಒಂದು ದಿನ ಶಾಲೆಯ ಟೀಚರ್ ನನ್ನನ್ನು ಕರೆಸಿದರು. ಸಂಗೀತದ ಪಾಠದಲ್ಲಿ ಮಳೆಯ ಹಾಡು ಶುರುವಾದೊಡನೆ ಇವಳು ಕಿವಿ ಮುಚ್ಚಿಕೊಂಡು ಮೇಜಿನಡಿ ಕೂತಳಂತೆ. ಯಾಕೆಂದು ಕೇಳಿದ್ದಕ್ಕೆ, “ನಾನೇ ತಂದದ್ದು” ಎಂದಳಂತೆ.

ಅವತ್ತು ಸಂಜೆ ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತೆವು. ನಾನು ನನಗೆ ಬರುವ ರೀತಿಯಲ್ಲಿ ಶುರುಮಾಡಿದೆ. ದಕ್ಷಿಣದ ಬೆಚ್ಚಗಿನ ಸಮುದ್ರದಿಂದ ಮೋಡ ಎದ್ದದ್ದು, ಅದು ಬೆಟ್ಟಕ್ಕೆ ಬಡಿದು ಅಲ್ಲೇ ನಿಂತದ್ದು, ನೆರೆದೇಶದಲ್ಲೂ ಊರುಗಳು ಮುಳುಗಿದ್ದು, ಎಲ್ಲವನ್ನೂ ನಕ್ಷೆ ಬಿಡಿಸಿ ಹೇಳಿದೆ. ಅವಳು ಕೊನೆವರೆಗೂ ಕೇಳಿದಳು.

“ಅಂದ್ರ ಗುರ್ಜಿಯಿಂದ ಮಳಿ ಬರಂಗಿಲ್ಲ?”

“ಬರಂಗಿಲ್ಲ.”

“ಹಂಗಾದ್ರ ಅಜ್ಜಿ ಸುಳ್ಳು ಹೇಳಿದ್ಲು. ರಫೀಕ್ ಕಾಕಾನೂ ಸುಳ್ಳು. ಫೋನ್ ಮಾಡಿದವರೆಲ್ಲಾ ಸುಳ್ಳು.”

“ಸುಳ್ಳಲ್ಲ ಪುಟ್ಟಿ” ಎಂದ ಶಿವಾನಂದ. “ಅದು ನಮ್ಮ ಕಲ್ಚರು. ಖುಷಿಗೆ ಮಾಡೂದು.”

ಅವಳು ಅಪ್ಪನ ಕಡೆ ತಿರುಗಿದಳು. “ಕಲ್ಚರ್ ಇದ್ರ ಸುಳ್ಳು ಹೇಳಬಹುದೇನು?” ಮತ್ತೆ ನನ್ನ ಕಡೆ ನೋಡಿದಳು. “ಓಮಾ ಲೇಮಾನ್ ತ್ವಾಟದ ಮಣ್ಣು ತಂದೀವಿ. ನೀರು ಅದ ತ್ವಾಟಕ್ಕ ಹೋತು. ಹೊಳಿ ದಂಡಿ ಹುಲ್ಲು ಚುಚ್ಚೀವಿ. ಹೊಳಿನ ಬಂತು. ಅಜ್ಜಿ ಊರಿಗೆ ಬರೂ ಮಳಿ ಇಲ್ಲಿ ಬಂತು. ಇರ್ಲಿ, ನನಗ ಒಂದ ಹೇಳು. ಮನಷ್ಯಾರು ಏನ್ ಮಾಡಿದ್ರೂ ಮಳಿ ಹೆಚ್ಚುಕಡಿಮಿ ಆಗಂಗಿಲ್ಲ. ಹೌದೋ ಅಲ್ಲೋ?”

ಹೌದು ಎನ್ನಲು ಬಾಯಿ ತೆರೆದೆ. ಆ ವಾರದ ಪತ್ರಿಕೆಗಳು ಮೇಜಿನ ಮೇಲೆಯೇ ಇದ್ದವು. ಜರ್ಮನ್ ಕಲಿಯಲು ಪದಕೋಶ ಇಟ್ಟುಕೊಂಡು ಓದುತ್ತಿದ್ದೆ. ವಿಜ್ಞಾನಿಗಳ ಮಾತುಗಳಿದ್ದವು ಅವುಗಳಲ್ಲಿ. ಈ ಒಂದು ಪ್ರವಾಹಕ್ಕೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಗಾಳಿ ಬಿಸಿಯಾದಷ್ಟೂ ನೀರು ಹೆಚ್ಚು ಹೊರುತ್ತದೆ. ಗಾಳಿ ಬಿಸಿಯಾಗುತ್ತಿರುವುದರಲ್ಲಿ ನಮ್ಮ ಹೊಗೆಯ ಪಾಲಿದೆ. ಹೊಳೆಗಳನ್ನು ನೆಟ್ಟಗೆ ಮಾಡಿ ಅವುಗಳ ಜಾಗದಲ್ಲಿ ನಾವು ಕಟ್ಟಿದ್ದೇವೆ. ಇಷ್ಟನ್ನು ಓದಿಕೊಂಡು ಮಗುವಿಗೆ ‘ಮನುಷ್ಯರ ಕೈವಾಡವೇ ಇಲ್ಲ’ ಎನ್ನುವುದು ಹೇಗೆ?

“ಪೂರ್ತಿ ಹಂಗ ಹೇಳಾಕ ಬರೂದಿಲ್ಲ” ಎಂದೆ.

ಪಲ್ಲವಿ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ಕೋಣೆಗೆ ಹೋದಳು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

“ನಿನ್ನ ಪೇಪರ್ ಬುದ್ಧಿ ಒಂದು ದಿನ ಆದ್ರೂ ಬದಿಗಿಡಾಕ ಬರಂಗಿಲ್ಲೇನು?” ಎಂದ ಶಿವಾನಂದ. “ಹೌದು ಅಂದಿದ್ರ ಕೂಸು ನಿದ್ದಿ ಮಾಡ್ತಿತ್ತು.”

“ನಾಳೆ ಆಕಿನ ಓದ್ತಾಳ. ಆಗ ನಾವೂ ಸುಳ್ಳು ಹೇಳಿದವರ ಸಾಲಿಗೆ ಸೇರ್ತೀವಿ.”

“ನಾಳೀದು ನಾಳೆ ನೋಡ್ಕೋತಿದ್ವಿ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನದರಲ್ಲೂ ಇರಲಿಲ್ಲ. ಚಳಿಗಾಲ ಹಾಗೆಯೇ ಕಳೆಯಿತು. ಮನೆಯಲ್ಲಿ ಯಾರೂ ಹವಾಮಾನದ ಮಾತಾಡುತ್ತಿರಲಿಲ್ಲ. ಟಿವಿಯಲ್ಲಿ ಅದು ಬಂದರೆ ಯಾರಾದರೊಬ್ಬರು ಎದ್ದು ಚಾನೆಲ್ ಬದಲಾಯಿಸುತ್ತಿದ್ದರು.

ವಸಂತದಲ್ಲಿ ಫ್ರಾವ್ ಲೇಮಾನ್ ಮರಳಿದರು. ಹೊಸ ಗಾರೆ, ಹೊಸ ನೆಲ, ಅದೇ ವಾಸನೆ. ಪಲ್ಲವಿ ಅವರ ಬಾಗಿಲ ಮುಂದೆ ಹಾಯುವುದನ್ನು ತಪ್ಪಿಸಲು ನೆಲಮಾಳಿಗೆಗೆ ಇಳಿದು ಹಿತ್ತಿಲ ಬಾಗಿಲಿನಿಂದ ಶಾಲೆಗೆ ಹೋಗುತ್ತಿದ್ದಳು. ಒಂದು ದಿನ ಅವರು ನನ್ನನ್ನು ತಡೆದು ಕೇಳಿದರು. ನಮ್ಮ ಮಾತು ಜರ್ಮನ್‌ನಲ್ಲಿ ನಡೆಯುತ್ತಿತ್ತು, ನನ್ನದು ಇನ್ನೂ ಕುಂಟುವ ಜರ್ಮನ್.

“ಹುಡುಗಿ ಎಲ್ಲಿ? ನನ್ನ ಮನೆ ನಾರುತ್ತದೆ ಎಂದು ಬರುವುದಿಲ್ಲವೆ?”

ನಾನು ಇದ್ದದ್ದನ್ನು ಹೇಳಿದೆ. ಮಣ್ಣಿನ ಬಕೆಟ್ಟು, ನದಿಯ ಹುಲ್ಲು, ಅಡುಗೆಮನೆಯ ಪ್ರಶ್ನೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಅವರು ಕೋಲೂರಿ ಮೆಟ್ಟಿಲ ಮೇಲೆ ಕೂತರು.

“ಮಣ್ಣು ಕೊಟ್ಟವಳು ನಾನು. ಮೊದಲ ಕೊಡ ಸುರಿದವಳೂ ನಾನು. ಅವಳೊಬ್ಬಳೇ ಏಕೆ ಹೊರಬೇಕು?” ಎಂದರು. ಕೋಲಿನಿಂದ ತೋಟದ ಕಡೆ ತೋರಿಸಿ, “ಅದು ಹೊಳೆಯ ಜಾಗ. ನನ್ನ ಅಪ್ಪನಿಗೆ ಗೊತ್ತಿತ್ತು. ಯುದ್ಧದ ನಂತರ ಹಸಿವಿತ್ತು, ಬೇಲಿ ಹಾಕಿದೆವು. ಆಮೇಲೆ ಹಸಿವು ಹೋಯಿತು, ಬೇಲಿ ಉಳಿಯಿತು” ಎಂದರು.

ಮರುದಿನ ಬೆಳಿಗ್ಗೆ ಅವರು ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾದಿದ್ದರು. ಪಲ್ಲವಿ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಶಾಲೆ ಮುಗಿದ ಮೇಲೆ ಇಬ್ಬರೂ ತೋಟಕ್ಕೆ ಹೋದರು. ನಾನು ಹಿಂದೆ ದೂರದಲ್ಲಿ ಹೋದೆ. ತೋಟ ಎನ್ನಲು ಅಲ್ಲಿ ಒಣಗಿ ಬಿರುಕುಬಿಟ್ಟ ಕೆಸರು, ಬಾಗಿದ ಬೇಲಿಗೂಟ ಇದ್ದವು. ಫ್ರಾವ್ ಲೇಮಾನ್ ಕೋಲನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದರು. ಇಲ್ಲಿಯವರೆಗೆ ನೀರು. ಪಲ್ಲವಿ ಕತ್ತೆತ್ತಿ ಕೋಲಿನ ತುದಿ ನೋಡಿದಳು. ಎಷ್ಟೋ ತಿಂಗಳ ಮೇಲೆ ಅವಳು ಅವರ ಜೊತೆ ಮಾತಾಡಿದಳು.

“ಪಕ್ಕದವರಲ್ಲಿ? ವೀ ಹೋಖ್?” ಎಷ್ಟು ಎತ್ತರ ಎಂದು.

“ಕೇಳೋಣ ಬಾ” ಎಂದರು ಅವರು.

ಆ ವಸಂತದಲ್ಲಿ ಇಬ್ಬರೂ ಬೀದಿ ಬೀದಿ ತಿರುಗಿ ಕೇಳಿದರು. ಎಷ್ಟು ಎತ್ತರ? ಬೇಕರಿಯವಳು ಕೌಂಟರ್ ತೋರಿಸಿದಳು. ಔಷಧಿ ಅಂಗಡಿಯವನು ತನ್ನ ಎದೆ ಮುಟ್ಟಿಕೊಂಡ. ಹೇಳುತ್ತಿದ್ದಂತೆ ಕೆಲವರ ಕೈ ಗಾಳಿಯಲ್ಲೇ ಉಳಿದುಬಿಡುತ್ತಿತ್ತು. ಅಷ್ಟು ದಿನ ವಿಮೆ, ಪರಿಹಾರ, ರಿಪೇರಿ ಎಂದಷ್ಟೇ ಮಾತಾಡುತ್ತಿದ್ದವರು ಒಂಬತ್ತು ವರ್ಷದ ಹುಡುಗಿಯೆದುರು ನೀರಿನ ಮಾತಾಡಿದರು. ಪಲ್ಲವಿಗೆ ಹಗುರವಾಯಿತೆಂದು ಹೇಳಲಾರೆ. ಅವಳು ಮತ್ತೆ ಕಟ್ಟಡದ ಮುಂಬಾಗಿಲಿನಿಂದ ಓಡಾಡತೊಡಗಿದಳು ಎಂಬುದನ್ನು ಕಂಡಿದ್ದೇನೆ.

ಆ ಬೇಸಿಗೆ ಮಳೆಯೇ ಬರಲಿಲ್ಲ. ಜೂನ್‌ನಲ್ಲಿ ಹಿಡಿದ ಸೆಕೆ ಬಿಡಲಿಲ್ಲ. ವರ್ಷದ ಹಿಂದೆ ಊರನ್ನು ನುಂಗಿದ್ದ ಎಲ್ಬೆಯಲ್ಲಿ ಕಲ್ಲುಗಳೆದ್ದವು, ಪ್ರವಾಸಿಗರ ಹಡಗುಗಳು ದಡದಲ್ಲೇ ನಿಂತವು. ಹುಲ್ಲುಗಾವಲು ನಮ್ಮೂರಿನ ಚೈತ್ರದ ಬಯಲಿನ ಹಾಗೆ ಹಳದಿಯಾಯಿತು. ಮನೆಗಳಲ್ಲಿ ಫ್ಯಾನಿಲ್ಲ. ಒದ್ದೆ ಬಟ್ಟೆ ಕಿಟಕಿಗೆ ಕಟ್ಟುವುದನ್ನು ನಾವು ನೆರೆಯವರಿಗೆ ಕಲಿಸಿದೆವು.

ಬಡಾವಣೆಯ ಹಬ್ಬ ಮತ್ತೆ ಬಂತು. ಸಮಿತಿಯವರಲ್ಲೊಬ್ಬರು ರಫೀಕನನ್ನು ಬೇಕರಿಯಲ್ಲಿ ಹಿಡಿದು, ಹೋದ ವರ್ಷದ್ದನ್ನೇ ಮಾಡಿ, ಈ ಸಲ ಬೇಕೇ ಬೇಕು ಎಂದು ನಕ್ಕಿದ್ದರು. ಅವನು ನಮ್ಮಲ್ಲಿಗೆ ಬಂದು ವರದಿ ಒಪ್ಪಿಸಿದ.

“ನಾ ಒಲ್ಲೆ ಅಂದೀನಿ ವೈನಿ. ಮಳಿ ಬಂದ್ರೂ ಬೈತಾರ, ಬರದಿದ್ರೂ ಬೈತಾರ. ಹ್ವಾದ ವರ್ಷ ಮೈಕ್ ಹಿಡಿದು ಕೊಡಿ ಬಿಚ್ಚರಿ ಅಂದ ಬಾಯಿಗೆ ಇನ್ನೂ ಬೀಗ ಹಾಕೀನಿ.”

“ಬಾಲಿವುಡ್ ಮಾಡೂಣು ಬಿಡು” ಎಂದ ಶಿವಾನಂದ.

ಅಡುಗೆಮನೆಯ ಬಾಗಿಲಲ್ಲಿ ಪಲ್ಲವಿ ನಿಂತಿದ್ದಳು. “ನಾ ಹೊರ್ತೀನಿ” ಎಂದಳು. “ಹಾಡು ಬ್ಯಾಡ. ನೀರೂ ಬ್ಯಾಡ.”

ರಫೀಕ್ ನನ್ನ ಮುಖ ನೋಡಿ, ಅವಳ ಮುಖ ನೋಡಿದ. “ಹಾಡಿಲ್ಲ, ನೀರಿಲ್ಲ. ಮತ್ತ ಗುರ್ಜಿ ಯಾಕವ್ವಾ? ರೊಟ್ಟಿ ಹಂಚು ಹೊತ್ತು ವಾಕಿಂಗ್ ಹೋಗಾಕ?”

“ಕೇಳಾಕ.”

“ಏನ ಕೇಳ್ತಿ?”

“ಎಷ್ಟು ಎತ್ತರ ಅಂತ. ನೀ ಹಲಗಿ ಬಾರಸು. ಒಬ್ಬರು ತೋರಿಸಿದ್ರ ಒಂದ ಸಲ. ಜಾಸ್ತಿ ಬ್ಯಾಡ.”

ಶಿವಾನಂದ ಬೇಡವೆನ್ನಲು ಹೊರಟಿದ್ದ. ನಾನೂ. ಮತ್ತೆ ಏನಾದರೂ ಆದರೆ ಈ ಸಲ ಅವಳನ್ನು ಮೇಜಿನಡಿಯಿಂದ ಎಬ್ಬಿಸುವವರು ಯಾರು? ಆದರೆ ಅವಳು ಆಗಲೇ ಸ್ಟೂಲು ಹಾಕಿಕೊಂಡು ಕಪಾಟಿನ ಮೇಲಿನಿಂದ ಸಿಂಬಿ ತೆಗೆಯುತ್ತಿದ್ದಳು. ಅದನ್ನು ಅಲ್ಲಿ ಬಚ್ಚಿಟ್ಟದ್ದು ನಮಗೆ ಗೊತ್ತೇ ಇರಲಿಲ್ಲ.

ಹಬ್ಬದ ಮಧ್ಯಾಹ್ನ ಬೆಂಚುಗಳ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಮಣ್ಣನ್ನು ಅದೇ ತೋಟದಿಂದ ಫ್ರಾವ್ ಲೇಮಾನ್ ತಾವೇ ತಂದಿದ್ದರು. ಮುದ್ದೆ ಕಟ್ಟಲು ಬಾರದಷ್ಟು ಒಣಮಣ್ಣು. ಪಲ್ಲವಿ ವೇದಿಕೆ ಹತ್ತಲಿಲ್ಲ. ಹಂಚು ಹೊತ್ತು ನೇರ ಜನರ ನಡುವೆ ಹೋದಳು. ಮೊದಲನೆಯವರ ಮುಂದೆ ನಿಂತು ಕೇಳಿದಳು: “ವೀ ಹೋಖ್?”

ಬೇಕರಿಯವಳು ಸೊಂಟದ ಬಳಿ ಕೈ ಹಿಡಿದಳು. ಪಲ್ಲವಿ ಹಂಚನ್ನು ಇಳಿಸಿ ಆ ಎತ್ತರದಲ್ಲಿ ಹಿಡಿದಳು. ಹಲಗೆ ಒಮ್ಮೆ ಬಡಿಯಿತು. ಮತ್ತೆ ತಲೆಯ ಮೇಲೆ ಹೊತ್ತು ಮುಂದಿನವರ ಬಳಿ. ಮೊಣಕಾಲು. ಎದೆ. ಕುತ್ತಿಗೆ. ಮೊದಲು ಸಣ್ಣಗೆ ನಗುತ್ತಿದ್ದವರು ಮೂರನೆಯ ಬಡಿತಕ್ಕೆ ಬಿಯರ್ ಗ್ಲಾಸು ಕೆಳಗಿಟ್ಟರು. ಮೇಲಿನ ಬೀದಿಯ ಒಬ್ಬ ಗಂಡಸು ಮುಜುಗರದಿಂದ, ನಮ್ಮ ಮನೆಗೆ ಬರಲಿಲ್ಲ ಎಂದ. ಅವಳು ಹಂಚನ್ನು ಅವನ ಪಾದದ ಬಳಿ ನೆಲದ ಮೇಲಿಟ್ಟಳು. ಅದಕ್ಕೂ ರಫೀಕ್ ಒಂದು ಬಡಿತ ಕೊಟ್ಟ. ಮುಂದೆ ಏನಾಗುತ್ತದೆಂದು ಊಹಿಸಿದ ಜನ ಅವಳು ಬರುವ ಮೊದಲೇ ಕೈ ಎತ್ತಿ ಕಾಯತೊಡಗಿದರು. ಬೆಂಚುಗಳ ಮೇಲೆ ಬೇರೆ ಬೇರೆ ಎತ್ತರದ ಕೈಗಳು. ಹೋದ ವರ್ಷದ ನೀರು ಆ ಕೈಗಳ ಮೇಲೆ ನಿಂತಿದ್ದನ್ನು ನಾನು ಕಂಡೆ. ‘ಕಂಡೆ’ ಎಂಬ ಪದವನ್ನು ಯೋಚಿಸಿಯೇ ಬಳಸುತ್ತಿದ್ದೇನೆ.

ಕೊನೆಗೆ ಫ್ರಾವ್ ಲೇಮಾನ್. ಅವರು ಎದ್ದು ನಿಂತು ಕೋಲನ್ನು ತಲೆಗಿಂತ ಮೇಲೆತ್ತಿದರು.

ಪಲ್ಲವಿ ಹಂಚನ್ನು ಎರಡೂ ಕೈಗಳಿಂದ ಎತ್ತಿದಳು. ತುದಿಗಾಲಲ್ಲಿ ನಿಂತಳು. ನಿಲುಕಲಿಲ್ಲ. ಕಬ್ಬಿಣದ ಹಂಚು, ಮಣ್ಣಿನ ಭಾರ. ಶಿವಾನಂದ ಮುಂದೆ ಹೆಜ್ಜೆ ಇಟ್ಟ. ಅಷ್ಟರಲ್ಲಿ ಔಷಧಿ ಅಂಗಡಿಯವನು ಎದ್ದು ಒಂದು ಬದಿ ಹಿಡಿದ. ನೀರು ಬಾರದ ಮನೆಯ ಆ ಗಂಡಸು ಇನ್ನೊಂದು ಬದಿ. ಇಬ್ಬರೂ ಹಂಚನ್ನು ಅವಳ ಕೈಯಿಂದ ತೆಗೆದುಕೊಂಡು ಕೋಲಿನ ತುದಿಯವರೆಗೆ ಎತ್ತಿ ಹಿಡಿದರು. ಅವಳು ಖಾಲಿ ಕೈಯಲ್ಲಿ ಅದರ ಕೆಳಗೆ ನಿಂತಳು. ಒಣಮಣ್ಣು ಅವಳ ಕೂದಲ ಮೇಲೆ ಉದುರಿತು. ರಫೀಕ್ ಹಲಗೆ ಬಡಿಯಲು ಮರೆತ.

ಫ್ರಾವ್ ಲೇಮಾನ್ ಕೋಲು ಇಳಿಸಿ ಕೇಳಿದರು, “ಈ ವರ್ಷ ಎಷ್ಟು ಬೇಕು?”

ಪಲ್ಲವಿ ಕೂದಲ ಮೇಲಿನ ಮಣ್ಣು ಕೊಡವಿಕೊಂಡಳು. ಹೆಬ್ಬೆರಳು ಕಿರುಬೆರಳು ಅಗಲಿಸಿ ಎಲ್ಲರಿಗೂ ಕಾಣುವಂತೆ ಕೈ ಎತ್ತಿದಳು. ಗೇಣು. ಅದರರ್ಥ ಅಲ್ಲಿ ನಾವು ನಾಲ್ಕಾರು ಜನರಿಗಷ್ಟೇ ಗೊತ್ತು. ಆದರೆ ಮುಂದಿನ ಸಾಲಿನ ಒಬ್ಬಾಕೆ ತನ್ನ ಬೆರಳುಗಳನ್ನೂ ಹಾಗೆಯೇ ಅಗಲಿಸಿ ನೋಡಿಕೊಂಡಳು.

ಆ ವಾರ ಮಳೆ ಬರಲಿಲ್ಲ. ಅದರ ಮುಂದಿನ ವಾರವೂ.

ಶರತ್ಕಾಲದಲ್ಲಿ ತೋಟಗಳ ಸಂಘದ ಸಭೆ ನಡೆಯಿತು. ಮತ್ತೆ ಬೇಲಿ ಹಾಕುವುದೋ, ದಂಡೆಯನ್ನು ಹೊಳೆಗೆ ಬಿಡುವುದೋ ಎಂಬುದು ಚರ್ಚೆ. ಬೈದಾಟವಾಯಿತಂತೆ. ಹಂಚು ಎಲ್ಲಿಯವರೆಗೆ ಹೋಯಿತು ನೋಡಿದಿರಲ್ಲ ಎಂದು ಒಬ್ಬರು ಎದ್ದು ಹೇಳಿದರೆಂದು ಫ್ರಾವ್ ಲೇಮಾನ್ ನನಗೆ ತಿಳಿಸಿದರು. ಅವರು ತಮ್ಮ ತೋಟ ಬಿಟ್ಟುಕೊಟ್ಟರು. ಇನ್ನೂ ಕೆಲವರು ಬಿಟ್ಟರು, ಕೆಲವರು ಹೊಸ ಬೇಲಿ ಹಾಕಿದರು. ಒಂದು ಮಧ್ಯಾಹ್ನದ ಆಟದಿಂದ ಹೀಗಾಯಿತು ಎಂದು ಬರೆಯಲು ನನ್ನ ಬಳಿ ಸಾಕ್ಷಿ ಇಲ್ಲ. ಅವರು ಬಿಟ್ಟುಕೊಟ್ಟ ದಿನ ಬಾಗಿಲು ಹಾಕಿಕೊಂಡು ಅತ್ತದ್ದು ಮಾತ್ರ ಮೆಟ್ಟಿಲಿಳಿಯುವಾಗ ಕೇಳಿದೆ.

ಮುಂದಿನ ವರ್ಷ ನಾವು ಎರ್ಲಾಂಗೆನ್‌ಗೆ ಬಂದೆವು. ರಫೀಕ್ ಪರವಾನಗಿ ಮುಗಿದ ಮೇಲೆ ಊರಿಗೆ ಮರಳಿದ. ಫ್ರಾವ್ ಲೇಮಾನ್ ಈಗಿಲ್ಲ, ಅತ್ತೆಯೂ ಇಲ್ಲ. ಪಲ್ಲವಿ ಯೇನಾ ನಗರದಲ್ಲಿ ಲೆನ್ಸುಗಳ ಲ್ಯಾಬಿನಲ್ಲಿದ್ದಾಳೆ. ಮಳೆಗೂ ಅವಳ ಕೆಲಸಕ್ಕೂ ಸಂಬಂಧವಿಲ್ಲ. ಅಡುಗೆಮನೆಯಲ್ಲಿ ಅವಳು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಅರ್ಧ ಉತ್ತರವನ್ನು ಅವಳು ಮತ್ತೆಂದೂ ಎತ್ತಿಲ್ಲ. ವರ್ಷಗಳು ಹೋದಂತೆ ಆ ಉತ್ತರದ ಉಳಿದರ್ಧ ಪತ್ರಿಕೆಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತ ಬಂತು. ಅವಳೂ ಓದಿರುತ್ತಾಳೆ.

ಎಣ್ಣೆ ಸೋರಿದ ದಿನ ಮಧ್ಯಾಹ್ನದಿಂದ ಮಳೆ ಹಿಡಿದಿತ್ತು. ಸಂಜೆ ಫೋನು ಬಂತು. ಜೋರು ಮಳೆಯಾದಾಗಲೆಲ್ಲ ಬರುತ್ತದೆ; ಊಟವಾಯಿತೇ ಎಂಬುದಕ್ಕೂ ಮೊದಲು ಅದೇ ಪ್ರಶ್ನೆ.

“ಅವ್ವಾ, ವೀ ಹೋಖ್?”

ಇಲ್ಲಿನ ಹೊಳೆ ರೆಗ್ನಿಟ್ಸ್, ಮನೆಯಿಂದ ಸೈಕಲ್ಲಿನಲ್ಲಿ ಸ್ವಲ್ಪ ದೂರ. ಕಿಟಕಿಯಿಂದ ನೋಡಿ ಅಂದಾಜು ಹೇಳಿದರೆ ಅವಳು ಒಪ್ಪುವುದಿಲ್ಲ. ಹಾಗಾಗಿ ನಾನು ಆಗಲೇ ಹೋಗಿ ಬಂದಿದ್ದೆ. ಹುಲ್ಲುಗಾವಲಿನ ಬೇಲಿಗೂಟದ ಪಕ್ಕ ನಿಂತು ನನ್ನ ಕಾಲಿಗೆ ಅಳತೆ ಹಿಡಿದಿದ್ದೆ.

“ಮೊಣಕಾಲಿಗೆ ಬಂದೈತಿ.”

“ಬಾಗಲಕೋಟ್ಯಾಗ?”

ಅದನ್ನೂ ಮೈದುನನಿಗೆ ಫೋನ್ ಮಾಡಿ ಕೇಳಿಟ್ಟಿದ್ದೆ. “ಹಿಂಗಾರಿ ಗೇಣು ಹಸಿನೂ ಆಗ್ಲಿಲ್ಲಂತ.”

ಅವಳ ಕಿಟಕಿಯ ಮೇಲೂ ಮಳೆ ಬಡಿಯುವುದು ಕೇಳಿಸುತ್ತಿತ್ತು.

“ಇನ್ನೊಂದು ತಾಸಿಗೆ ಮತ್ತೊಮ್ಮೆ ನೋಡಿ ಬರ್ತಿಯೇನವಾ?”

“ಬರ್ತೀನಿ” ಎಂದು ಒದ್ದೆ ಬೂಟುಗಳನ್ನು ಎತ್ತಿಡದೆ ಬಾಗಿಲ ಬಳಿಯೇ ಬಿಟ್ಟೆ.